ಮರುಭೂಮಿಯ ಕುಂಬಾರ ಕಣಜ ಕೋಲಾರ ಸೀಮೆಯಲ್ಲಿದೆಯೇ? ಹೆಸರು, ನೆಲೆ, ಗುರುತು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಕಿಟಕಿಯ ಸಂದಿಯಲ್ಲೋ ಪಂಪ್‌ಹೌಸ್ ಗೋಡೆಯ ಮೇಲೋ ಮಣ್ಣಿನ ಗೂಡು ಕಂಡವರು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಕೆಂಪು ಬಣ್ಣದ, ಸಣ್ಣ ಸೊಂಟದ ಒಂದು ಕಣಜದ ಚಿತ್ರ ಸಿಕ್ಕರೆ ಆ ಹೆಸರನ್ನೇ ತಮ್ಮ ಹುಳಕ್ಕೂ ಇಡುತ್ತಾರೆ. ಈ ಗುಂಪಿನಲ್ಲಿ ಬಣ್ಣವನ್ನಷ್ಟೇ ನೋಡಿ ಹೆಸರಿಡುವಂತಿಲ್ಲ. ಯಾಕೆ ಇಡುವಂತಿಲ್ಲ, ಬದಲಿಗೆ ಏನನ್ನು ನೋಡಬೇಕು ಎಂಬುದೇ ಕೆಳಗಿನ ಹೆಚ್ಚಿನ ಉತ್ತರಗಳ ತಿರುಳು.

ಮರುಭೂಮಿಯ ಕುಂಬಾರ ಕಣಜ ಎಂದರೆ ನಿರ್ದಿಷ್ಟವಾಗಿ ಯಾವುದು?

ಡೆಲ್ಟಾ ಡಿಮಿಡಿಯಾಟಿಪೆನ್ನೆ ಎಂಬ ಪ್ರಭೇದ. ತಲೆ, ಎದೆ, ಸೊಂಟ ಬಹುಪಾಲು ಇಟ್ಟಿಗೆ ಕೆಂಪು, ಹೊಟ್ಟೆಯ ಹಿಂಭಾಗ ಕಪ್ಪು. ರೆಕ್ಕೆ ಅರ್ಧ ಗಾಢ, ಅರ್ಧ ತಿಳಿ. ಕುಂಬಾರ ಕಣಜಗಳಲ್ಲಿ ಇದು ದೊಡ್ಡ ಗಾತ್ರದ್ದು. ಹೆಣ್ಣು ಒಂಟಿಯಾಗಿಯೇ ಮಣ್ಣು ಕಲಸಿ ಗೂಡು ಕಟ್ಟಿ, ಕಂಬಳಿಹುಳುಗಳನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಮರಿಯ ಆಹಾರಕ್ಕೆಂದು ಒಳಗೆ ತುಂಬುತ್ತದೆ. ರಾಣಿ, ಕೆಲಸಗಾರ ಎಂಬ ವಿಂಗಡಣೆ ಇದಕ್ಕಿಲ್ಲ.

ಜೀವಿಗಳ ವರ್ಗೀಕರಣದಲ್ಲಿ ಇದರ ಸ್ಥಾನ ಎಲ್ಲಿ?

ಇರುವೆ, ಜೇನು, ಕಣಜಗಳೆಲ್ಲ ಸೇರುವ ಹೈಮೆನಾಪ್ಟೆರಾ ಗಣ, ವೆಸ್ಪಿಡೇ ಕುಟುಂಬ, ಯುಮಿನಿನೇ ಉಪಕುಟುಂಬ, ಡೆಲ್ಟಾ ಕುಲ. ಯುಮಿನಿನೇಯಲ್ಲಿ ಈವರೆಗೆ ವಿವರಿಸಲಾದ ಪ್ರಭೇದಗಳೇ 3,000ಕ್ಕೂ ಹೆಚ್ಚು.

ಹಳೆಯ ಸಂಗ್ರಹಗಳ ಚೀಟಿಗಳಲ್ಲಿ ‘ಯುಮಿನಿಡೇ’ ಎಂದು ಪ್ರತ್ಯೇಕ ಕುಟುಂಬದ ಹೆಸರೇ ಇರುತ್ತದೆ. 1982ರಲ್ಲಿ ಕಣಜಗಳ ತಜ್ಞ ಜೇಮ್ಸ್ ಕಾರ್ಪೆಂಟರ್ ವೆಸ್ಪಿಡೇಯ ವಂಶಸಂಬಂಧಗಳನ್ನು ವಿಶ್ಲೇಷಿಸಿ ಅದನ್ನು ಉಪಕುಟುಂಬದ ಮಟ್ಟಕ್ಕೆ ತಂದರು, ಆ ವ್ಯವಸ್ಥೆಯೇ ನೆಲೆಯೂರಿತು. 2018ರಲ್ಲಿ ಜೀನೋಮ್ ಆಧಾರಿತ ಅಧ್ಯಯನವೊಂದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜೀಥಸ್ ಎಂಬ ಕುಲ ಮತ್ತು ಅದರ ಬಂಧುಗಳು ಉಳಿದ ಕುಂಬಾರ ಕಣಜಗಳ ಜೊತೆ ಒಂದೇ ಕವಲಿಗೆ ಸೇರುವುದಿಲ್ಲ, ವೆಸ್ಪಿಡೇಯಲ್ಲಿ ಸಾಮಾಜಿಕ ಜೀವನ ಎರಡು ಸಲ ಬೇರೆಬೇರೆಯಾಗಿ ವಿಕಾಸಗೊಂಡಿದೆ ಎಂದು ತೋರಿಸಿತು. ಡೆಲ್ಟಾ ಕುಲ ಮಾತ್ರ ಇಂದಿಗೂ ಯುಮಿನಿನೇಯಲ್ಲೇ ಇದೆ.

ಹಳೆಯ ಬರಹಗಳಲ್ಲಿ ‘ಯುಮಿನೀಸ್ ಡಿಮಿಡಿಯಾಟಿಪೆನ್ನಿಸ್’ ಎಂದಿದೆ. ಅದು ಬೇರೆ ಹುಳವೇ?

ಅಲ್ಲ, ಅದೇ ಹುಳ. 1852ರಲ್ಲಿ ಜಿನೀವಾದ ಹೆನ್ರಿ ಡಿ ಸಾಸ್ಯೂರ್ ಇದನ್ನು ಯುಮಿನೀಸ್ ಕುಲದಲ್ಲಿಟ್ಟು ವಿವರಿಸಿದರು. (ಭಾಷಾವಿಜ್ಞಾನದಲ್ಲಿ ನಮಗೆ ಪರಿಚಯವಿರುವ ಫರ್ಡಿನಾಂಡ್ ಡಿ ಸಾಸ್ಯೂರ್ ಇವರ ಮಗ.) 1855ರಲ್ಲಿ ಅವರೇ ಯುಮಿನೀಸ್‌ನೊಳಗಿನ ಒಂದು ವಿಭಾಗಕ್ಕೆ ಡೆಲ್ಟಾ ಎಂದು ಹೆಸರಿಟ್ಟರು. ಆ ವಿಭಾಗ ಮುಂದೆ ಸ್ವತಂತ್ರ ಕುಲವಾಯಿತು. ನಡುವಿನ ಕಾಲದಲ್ಲಿ, 1897ರಲ್ಲಿ, ಸಿ. ಟಿ. ಬಿಂಗ್‌ಹ್ಯಾಂ ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುಗಳ ಸಂಪುಟ ತಂದಾಗ ಈ ಕಣಜಗಳೆಲ್ಲ ಇನ್ನೂ ಯುಮಿನೀಸ್ ಹೆಸರಿನಲ್ಲೇ ಇದ್ದವು. ಭಾರತದ ಹಳೆಯ ದಾಖಲೆಗಳಲ್ಲಿ ಡೆಲ್ಟಾ ಎಂದು ಹುಡುಕಿದರೆ ಏನೂ ಸಿಗದಿರುವುದು ಇದೇ ಕಾರಣಕ್ಕೆ.

ಹುಡುಕುವಾಗ ಎರಡು ವಿಷಯ ಗಮನದಲ್ಲಿರಲಿ. ಪ್ರಾಣಿನಾಮಗಳ ನಿಯಮದಂತೆ ವಿಶೇಷಣವಾಗಿರುವ ಪ್ರಭೇದದ ಹೆಸರು ಕುಲದ ಹೆಸರಿನ ಲಿಂಗವನ್ನು ಅನುಸರಿಸಬೇಕು. ಯುಮಿನೀಸ್ ಪುಲ್ಲಿಂಗ, ಡೆಲ್ಟಾ ನಪುಂಸಕಲಿಂಗ. ಹಾಗಾಗಿ ‘ಪೆನ್ನಿಸ್’ ಹೋಗಿ ‘ಪೆನ್ನೆ’ ಆಯಿತು. ಎರಡೂ ರೂಪಗಳಲ್ಲಿ ಹುಡುಕದಿದ್ದರೆ ಅರ್ಧ ದಾಖಲೆಗಳು ತಪ್ಪಿಹೋಗುತ್ತವೆ. ಎರಡನೆಯದು, ಹೆಸರಿನ ಮುಂದೆ ‘(ಸಾಸ್ಯೂರ್, 1852)’ ಎಂದು ಕಂಸದಲ್ಲಿ ಬರೆದಿದ್ದರೆ ವಿವರಿಸಿದಾಗಿನ ಕುಲ ಬೇರೆ, ಈಗಿನ ಕುಲ ಬೇರೆ ಎಂದರ್ಥ. ಇದನ್ನು ಅಲಂಕಾರವೆಂದು ತಿಳಿದು ತೆಗೆದುಹಾಕಬೇಡಿ.

ಉಪಪ್ರಭೇದದ ಹೆಸರನ್ನೂ ಬರೆಯಬೇಕೇ?

ಬೇಡ. ಡೆಲ್ಟಾ ಕುಲದಲ್ಲಿ ಒಂದೇ ಪ್ರಭೇದ ಒಂದು ಊರಲ್ಲಿ ಹೆಚ್ಚು ಹಳದಿ, ಇನ್ನೊಂದು ಊರಲ್ಲಿ ಹೆಚ್ಚು ಕಪ್ಪು ಇರುವುದು ಸಾಮಾನ್ಯ. ಇಪ್ಪತ್ತನೇ ಶತಮಾನದಲ್ಲಿ ಇಂಥ ಬಣ್ಣದ ವ್ಯತ್ಯಾಸಗಳಿಗೆಲ್ಲ ಉಪಪ್ರಭೇದದ ಹೆಸರು ಕೊಟ್ಟರು. ಮಧ್ಯಂತರ ಬಣ್ಣದ ಹುಳುಗಳು ಸಿಗುತ್ತಾ ಹೋದಂತೆ ಆ ಗೆರೆಗಳು ಅಳಿಸಿಹೋದವು. ಕಾರ್ಪೆಂಟರ್ ಮೊದಲಾದವರ ಇತ್ತೀಚಿನ ಪಟ್ಟಿಗಳಲ್ಲಿ ಬಣ್ಣವನ್ನಷ್ಟೇ ಆಧರಿಸಿದ ಉಪಪ್ರಭೇದಗಳಿಗೆ ಮಾನ್ಯತೆ ಇಲ್ಲ.

ಬಣ್ಣದ ಇನ್ನೊಂದು ಬಲೆಯೂ ಇದೆ. ಹಿಂದೆ ಕೀಟಗಳನ್ನು ಸಯನೈಡ್ ಬಾಟಲಿಯಲ್ಲಿ ಕೊಲ್ಲುತ್ತಿದ್ದರು. ಕಣಜ ಅದರಲ್ಲಿ ಹೆಚ್ಚು ಹೊತ್ತು ಉಳಿದರೆ ಹಳದಿ ಭಾಗ ಕೆಂಪಿಗೆ ತಿರುಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಕೆಂಪಗೆ ಕಂಡದ್ದು ಬದುಕಿದ್ದಾಗ ಹಳದಿಯೇ ಆಗಿದ್ದಿರಬಹುದು.

ಇದರ ನೆಲೆ ಎಲ್ಲಿಂದ ಎಲ್ಲಿಯವರೆಗೆ? ನಮ್ಮ ಬಯಲುಸೀಮೆ ಅದರೊಳಗೆ ಬರುತ್ತದೆಯೇ?

ಉತ್ತರ ಆಫ್ರಿಕಾದಿಂದ ಅರೇಬಿಯಾ, ಇಸ್ರೇಲ್, ಇರಾನ್, ಪಾಕಿಸ್ತಾನದ ಮೂಲಕ ಭಾರತದವರೆಗೆ ಚಾಚಿದ ಒಣಪಟ್ಟಿ ಇದರ ನೆಲೆ. ಭಾರತದಲ್ಲಿ ಮುಖ್ಯವಾಗಿ ವಾಯವ್ಯದ ಶುಷ್ಕ ಪ್ರದೇಶ.

ನಮ್ಮ ಮೂರು ಜಿಲ್ಲೆಗಳನ್ನು ಬರಪೀಡಿತ ಎಂದು ಕರೆದು ಅಭ್ಯಾಸವಾಗಿದೆ. ಹಾಗೆಂದು ಇದು ಮರುಭೂಮಿಯಲ್ಲ, ಅರೆಶುಷ್ಕ ಪ್ರಸ್ಥಭೂಮಿ. ಕೋಲಾರದ ವಾರ್ಷಿಕ ಸರಾಸರಿ ಮಳೆ 700 ಮಿ.ಮೀ. ದಾಟುತ್ತದೆ. ಜೈಸಲ್ಮೇರ್‌ನಲ್ಲಿ ಅದು 200 ಮಿ.ಮೀ. ಆಸುಪಾಸು. ಪಾವಗಡ, ಶಿರಾ, ಬಾಗೇಪಲ್ಲಿ, ಗುಡಿಬಂಡೆ ಕಡೆಯ ಬಂಡೆಗಳು, ಜಾಲಿ, ಕುರುಚಲು ನೋಡಿದರೆ ಮರುಭೂಮಿಯ ಹುಳ ಇಲ್ಲಿರಬಹುದು ಎನ್ನಿಸುವುದು ಸಹಜ. ಆದರೆ ‘ಇರಬಹುದು’ ಎಂಬುದು ದಾಖಲೆಯಾಗುವುದಿಲ್ಲ. ಇಲ್ಲಿಂದ ಹೊಸ ದಾಖಲೆ ಎಂದು ಹೇಳಬೇಕಾದರೆ ಪಿನ್ ಮಾಡಿಟ್ಟ ಮಾದರಿಯಾದರೂ ಇರಬೇಕು, ದೇಹರಚನೆ ಸ್ಪಷ್ಟವಾಗಿ ಕಾಣುವ ಫೋಟೊಗಳ ಸರಣಿಯಾದರೂ ಇರಬೇಕು.

ಮರುಭೂಮಿಯಲ್ಲೂ ಇದು ಎಲ್ಲೆಂದರಲ್ಲಿ ಇರುವುದಿಲ್ಲ. ಹೆಣ್ಣು ಹೊಟ್ಟೆಯಲ್ಲಿ ನೀರು ತಂದು, ಒಣ ಮಣ್ಣಿನ ಮೇಲೆ ಕಕ್ಕಿ, ದವಡೆಯಿಂದ ಉಂಡೆ ಮಾಡಿ ಹೊತ್ತೊಯ್ಯುತ್ತದೆ. ಹಾರಿ ತಲುಪುವಷ್ಟು ದೂರದಲ್ಲಿ ನೀರಿಲ್ಲದಿದ್ದರೆ ಗೂಡೇ ಇಲ್ಲ. ನಮ್ಮಲ್ಲಿ ಕುಂಬಾರ ಕಣಜಗಳನ್ನು ಹುಡುಕುವವರಿಗೂ ಇದೇ ಸುಳಿವು: ಕೆರೆಯಂಚು, ಸೋರುವ ಡ್ರಿಪ್ ಪೈಪು, ದನದ ತೊಟ್ಟಿಯ ಸುತ್ತಲಿನ ಒದ್ದೆ ನೆಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಅಂಥ ಕಡೆ ಕಾದು ನಿಂತರೆ, ಗೂಡು ಹುಡುಕುತ್ತಾ ಅಲೆಯುವುದಕ್ಕಿಂತ ಬೇಗ ಕಾಣಸಿಗುತ್ತವೆ.

ಹಾಗಾದರೆ ಇಲ್ಲಿ ಕಂಡ ಕೆಂಪು ಕಣಜ ಯಾವುದಾಗಿರಬಹುದು?

ಮೊದಲು ಸಂಶಯ ಪಡಬೇಕಾದದ್ದು ಇದೇ ಉಪಕುಟುಂಬದ ರಿಂಕಿಯಂ ಬ್ರುನಿಯಂ ಎಂಬ ಪ್ರಭೇದದ ಮೇಲೆ. ಕೆಂಗಂದು ಬಣ್ಣ, ದಪ್ಪ ಮೈ. ಇದಕ್ಕೆ ಕಡ್ಡಿಯಂಥ ಉದ್ದ ಸೊಂಟವಿಲ್ಲ. ಬಿದಿರಿನ ತೂತು, ಬಾಗಿಲ ಬೀಗದ ಕಂಡಿ, ಪೈಪಿನ ಬಾಯಿಯಂಥ ಸಿದ್ಧ ಜಾಗಗಳಲ್ಲಿ ಗೂಡು ಮಾಡಿ ಮಣ್ಣಿನಿಂದ ಮುಚ್ಚುತ್ತದೆ. ಸೊಂಟ ಉದ್ದವಿದ್ದು ಹಳದಿ, ಕೆಂಪು, ಕಪ್ಪು ಪಟ್ಟೆಗಳಿದ್ದರೆ ಡೆಲ್ಟಾ ಕುಲದ್ದೇ ಬೇರೆ ಪ್ರಭೇದಗಳನ್ನು ಪರಿಶೀಲಿಸಿ. ಭಾರತದಲ್ಲಿ ವ್ಯಾಪಕವಾಗಿರುವವು ಡೆಲ್ಟಾ ಕೊನಾಯ್ಡಿಯಂ, ಡೆಲ್ಟಾ ಪಿರಿಫಾರ್ಮೆ, ಡೆಲ್ಟಾ ಎಸುರಿಯೆನ್ಸ್. ಇವುಗಳಲ್ಲೂ ಕೆಂಪು ಛಾಯೆ ಇರುತ್ತದೆ. ಇವನ್ನೆಲ್ಲ ಪಕ್ಕಕ್ಕಿಡದೆ ಮರುಭೂಮಿಯ ಪ್ರಭೇದದ ಹೆಸರಿಗೆ ಕೈಹಾಕಬಾರದು.

ಕುಂಬಾರ ಕಣಜವೋ ಬೇರೆ ಕಣಜವೋ ಎಂದು ಲೆನ್ಸ್ ಹಿಡಿದು ಹೇಗೆ ಬೇರ್ಪಡಿಸುವುದು?

10 ಪಟ್ಟು ಹಿಗ್ಗಿಸುವ ಕೈಲೆನ್ಸ್ ಸಾಕು. ಮೊದಲು ಕೂತಿರುವ ಹುಳದ ರೆಕ್ಕೆ ನೋಡಿ. ವೆಸ್ಪಿಡೇಯಲ್ಲಿ ಮುಂದಿನ ರೆಕ್ಕೆ ಉದ್ದಕ್ಕೆ ಮಡಚಿಕೊಂಡು ಕಿರಿದಾಗಿ ಕಾಣುತ್ತದೆ. ಮಣ್ಣಿನಲ್ಲೇ ಗೂಡು ಕಟ್ಟುವ, ಬೇರೆ ಕುಟುಂಬದ ಸೆಲಿಫ್ರಾನ್ ಎಂಬ ಕಣಜದಲ್ಲಿ ರೆಕ್ಕೆ ಹೀಗೆ ಮಡಚುವುದಿಲ್ಲ. ಇಲ್ಲಿಗೇ ಅರ್ಧ ಗೊಂದಲ ತೀರುತ್ತದೆ. ಆಮೇಲೆ ಕಣ್ಣು: ವೆಸ್ಪಿಡೇಯ ಸಂಯುಕ್ತ ಕಣ್ಣಿನ ಒಳಅಂಚಿನಲ್ಲಿ ಆಳವಾದ ಕಚ್ಚು ಇರುತ್ತದೆ.

ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ, ಪೊಲಿಸ್ಟೀಸ್‌ಗಳಿಗೂ ರೆಕ್ಕೆ ಮಡಚುತ್ತದೆ, ಕಣ್ಣಲ್ಲಿ ಕಚ್ಚೂ ಇದೆ. ಅವನ್ನು ಬೇರ್ಪಡಿಸಲು ಕಾಲು ನೋಡಬೇಕು. ಕುಂಬಾರ ಕಣಜದ ಕಾಲಿನ ತುದಿಯ ಉಗುರು ಸೀಳಿದಂತೆ, ಒಳಗೊಂದು ಹಲ್ಲಿನೊಂದಿಗೆ ಇರುತ್ತದೆ. ಕಾಗದ ಕಣಜಗಳ ಉಗುರು ಸರಳ. ನಡುಗಾಲಿನ ಜಂಘೆಯ ತುದಿಯಲ್ಲಿ ಕುಂಬಾರ ಕಣಜಕ್ಕೆ ಸಾಮಾನ್ಯವಾಗಿ ಒಂದು ಮುಳ್ಳು, ಕಾಗದ ಕಣಜಗಳಿಗೆ ಎರಡು. ಕುಂಬಾರ ಕಣಜದ ದವಡೆ ಉದ್ದ, ಚೂರಿಯಂತೆ, ಒಂದರ ಮೇಲೊಂದು ಹಾಯುತ್ತದೆ.

ಗಂಡು ಹೆಣ್ಣು ತಿಳಿಯಲು ತಲೆಯ ಮೇಲಿನ ಮೀಸೆಯ (ಆಂಟೆನಾ) ಗೆಣ್ಣು ಎಣಿಸಿ. ಹೆಣ್ಣಿಗೆ 12, ಗಂಡಿಗೆ 13. ಅನೇಕ ಗಂಡುಗಳಲ್ಲಿ ಮೀಸೆಯ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಪ್ರಭೇದದ ಮಟ್ಟಕ್ಕೆ ಹೋಗಲು ಮುಖದ ಕೆಳಫಲಕದ ಅಂಚು, ಸೊಂಟದ ಖಂಡದ ಉದ್ದ ಮತ್ತು ಅದು ಅಗಲವಾಗುವ ಬಗೆ, ಎರಡನೇ ಖಂಡದ ಹಿಂಅಂಚು, ಮೈಮೇಲಿನ ಗುಳಿಗಳ ಸಾಂದ್ರತೆ ಬೇಕು. ಅದು ಸೂಕ್ಷ್ಮದರ್ಶಕದ ಕೆಲಸ.

ಹುಳ ಸಿಗಲಿಲ್ಲ, ಗೂಡು ಮಾತ್ರ ಇದೆ. ಅದರಿಂದ ಏನು ತಿಳಿಯಬಹುದು?

ಗುಂಪು ತಿಳಿಯಬಹುದು, ಪ್ರಭೇದ ತಿಳಿಯದು. ಯುಮಿನೀಸ್ ಕಟ್ಟುವ ಗೂಡು ಸಾಮಾನ್ಯವಾಗಿ ಒಂಟಿ, ಗುಂಡನೆಯ, ಕುತ್ತಿಗೆ ಹೊರಚಾಚಿದ ಪುಟ್ಟ ಮಡಿಕೆ. ಡೆಲ್ಟಾದ ದೊಡ್ಡ ಪ್ರಭೇದಗಳು ಹಲವು ಕೋಣೆಗಳನ್ನು ಒತ್ತಾಗಿ ಕಟ್ಟಿ, ಕೊನೆಗೆ ಮೇಲೆ ಮಣ್ಣು ಮೆತ್ತುತ್ತವೆ. ಮುಗಿದ ಗೂಡು ಗೋಡೆಗೆ ಯಾರೋ ಎಸೆದ ಕೆಸರಿನ ಮುದ್ದೆಯಂತೆ ಕಾಣುತ್ತದೆ. ಸುಣ್ಣ ಬಳಿಯುವವರು ಹೆರೆದುಹಾಕುವುದು ಹೆಚ್ಚಾಗಿ ಇಂಥವನ್ನೇ.

ಕೋಣೆಯೊಂದು ಒಡೆದಿದ್ದರೆ ಒಳಗೆ ನೋಡಿ. ಹಸಿರು ಕಂಬಳಿಹುಳುಗಳಿದ್ದರೆ ಕುಂಬಾರ ಕಣಜ, ಜೇಡಗಳಿದ್ದರೆ ಸೆಲಿಫ್ರಾನ್ ಅಥವಾ ಅದರ ಬಂಧು. ಹೊಸ ಕೋಣೆಯಾದರೆ ಚಾವಣಿಯಿಂದ ಕೂದಲಿನಷ್ಟು ತೆಳು ಎಳೆಯೊಂದರಲ್ಲಿ ಮೊಟ್ಟೆ ತೂಗುತ್ತಿರುತ್ತದೆ. ಕುಂಬಾರ ಕಣಜ ಮೊದಲು ಮೊಟ್ಟೆ ಇಟ್ಟು ಆಮೇಲೆ ಆಹಾರ ತುಂಬುತ್ತದೆ. ಕೆಳಗಿನ ಹುಳುಗಳು ಸತ್ತಿರುವುದಿಲ್ಲ, ಮುಟ್ಟಿದರೆ ಮಿಸುಕುತ್ತವೆ. ಹಳೆಯ ಕೋಣೆಯಲ್ಲಿ ಹುಳುವಿನ ತಲೆಚಿಪ್ಪುಗಳು ಉಳಿದು, ಗೋಡೆಗೆ ತೆಳು ರೇಷ್ಮೆಯ ಲೇಪ ಅಂಟಿರುತ್ತದೆ. ಸೆಲಿಫ್ರಾನ್ ಆಗಿದ್ದರೆ ಕಂದು ಬಣ್ಣದ, ಒಣ ಕಾಗದದಂತೆ ಮುರಿಯುವ ಕೋಶ ಸಿಗುತ್ತದೆ.

ಗೂಡಿನಿಂದ ಕಣಜ ಹೊರಬರಿಸಿ ನೋಡಬಹುದೇ?

ನೋಡಬಹುದು, ಒಳ್ಳೆಯ ವಿಧಾನವೂ ಹೌದು. ಪೂರ್ತಿ ಮುಚ್ಚಿದ, ಹೊರಬಂದ ತೂತಿಲ್ಲದ ಗೂಡು ಆರಿಸಿ. ಮಣ್ಣು ಒಣಗಿರಬೇಕು, ಹಸಿಯಿದ್ದರೆ ಕುಸಿಯುತ್ತದೆ. ತೆಳುವಾದ ಚಾಕುವನ್ನು ಗೋಡೆಗೆ ಒತ್ತಿಹಿಡಿದು ಸುತ್ತಲೂ ಸ್ವಲ್ಪ ಸ್ವಲ್ಪ ಬಿಡಿಸಿ. ಒಂದೇ ಕಡೆಯಿಂದ ಮೀಟಿದರೆ ತಳ ಗೋಡೆಯಲ್ಲೇ ಉಳಿದು ಕೋಣೆ ಬಾಯಿಬಿಡುತ್ತದೆ. ಬಿಡಿಸಿದ ಗೂಡನ್ನು ಅಗಲ ಬಾಯಿಯ ಡಬ್ಬಿಯಲ್ಲಿಟ್ಟು ಒತ್ತು ನೇಯ್ಗೆಯ ಬಟ್ಟೆ ಕಟ್ಟಿ, ನೆರಳಿನಲ್ಲಿಡಿ. ನೀರು ಚಿಮುಕಿಸಬೇಡಿ, ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಡಬ್ಬಿ ಬಿಸಿಲಿಗೆ ಬಿದ್ದರೆ ಒಳಗಿನ ಮರಿ ಬೆಂದುಹೋಗುತ್ತದೆ.

ಒಂದು ಡಬ್ಬಿಗೆ ಒಂದೇ ಗೂಡು. ಮೆಲಿಟೋಬಿಯಾ ಎಂಬ, ಒಂದೆರಡು ಮಿಲಿಮೀಟರ್ ಉದ್ದದ ಪರತಂತ್ರ ಕಣಜ ಒಂದು ಗೂಡಿನಲ್ಲಿದ್ದರೆ ಜೊತೆಗಿಟ್ಟ ಎಲ್ಲ ಗೂಡುಗಳನ್ನೂ ಹಾಳುಮಾಡುತ್ತದೆ. ಹೊರಬಂದದ್ದೆಲ್ಲ ಗೂಡಿನ ಯಜಮಾನರಲ್ಲ ಎಂಬುದೂ ತಿಳಿದಿರಲಿ. ಹೊಳೆಯುವ ನೀಲಿ-ಹಸಿರು ಮೈಯ ಸ್ಟಿಲ್ಬಂ ಸಯನ್ಯೂರಂ ಬಂದರೆ ಅದು ಡೆಲ್ಟಾ, ಸೆಲಿಫ್ರಾನ್‌ಗಳ ಗೂಡಿಗೆ ಕನ್ನ ಹಾಕುವ ಕೋಗಿಲೆ ಕಣಜ. ನೀಲಿ ಬಣ್ಣದ ಕ್ಯಾಲಿಬಿಯಾನ್ ಎಂಬ ಕಣಜ ಬಂದರೆ ಹಳೆಯ ಮಣ್ಣುಗೂಡನ್ನು ಮತ್ತೆ ಬಳಸಿದೆ ಎಂದು ತಿಳಿಯಿರಿ. ಇವುಗಳ ದಾಖಲೆಗೂ ಅಷ್ಟೇ ಬೆಲೆಯಿದೆ.

ಗುರುತಿಸಲು ಬರುವಂತೆ ಫೋಟೊ ಹೇಗೆ ತೆಗೆಯುವುದು?

ಮೇಲಿನಿಂದ ತೆಗೆದ ಒಂದೇ ಚಿತ್ರದಿಂದ ಕುಲದವರೆಗೆ ಹೋಗುವುದೂ ಕಷ್ಟ. ಮುಖ ನೇರವಾಗಿ, ಪೂರ್ತಿ ಪಕ್ಕನೋಟ, ಸೊಂಟ ಮತ್ತು ಎರಡನೇ ಖಂಡ ಸೇರುವ ಜಾಗ, ರೆಕ್ಕೆ, ಜೊತೆಗೆ ಗೂಡು, ಇಷ್ಟು ಬೇಕು. ಗೂಡಿನ ಪಕ್ಕ ಅಳತೆಪಟ್ಟಿ ಇಡಿ. ಮೊಬೈಲಿನ ಬಣ್ಣ ಹೆಚ್ಚಿಸುವ ಫಿಲ್ಟರ್‌ಗಳನ್ನು ಆಫ್ ಮಾಡಿ. ಹಳದಿಯನ್ನು ಕಿತ್ತಳೆ ಮಾಡುವುದರಲ್ಲಿ ಅವೂ ಸಯನೈಡ್‌ಗೆ ಕಡಿಮೆಯಿಲ್ಲ.

ಮಾದರಿ ಸಂಗ್ರಹಿಸಿ ಇಡುವ ಸರಿಯಾದ ಕ್ರಮ ಯಾವುದು?

ಈಥೈಲ್ ಅಸಿಟೇಟ್ ಬಾಟಲಿ ಅಥವಾ ಫ್ರೀಜರ್. ಫಾರ್ಮಲಿನ್ ಬೇಡ, ಡಿಎನ್‌ಎ ಹಾಳಾಗುತ್ತದೆ. 2 ಅಥವಾ 3ನೇ ನಂಬರಿನ ಕೀಟಪಿನ್ನನ್ನು ಎದೆಯ ಮೇಲ್ಫಲಕದಲ್ಲಿ ನಡುಗೆರೆಗಿಂತ ಸ್ವಲ್ಪ ಬಲಕ್ಕೆ ಚುಚ್ಚಿ. ನಡುವೆ ಚುಚ್ಚಿದರೆ ನೋಡಬೇಕಾದ ಗುರುತೇ ಹೋಗುತ್ತದೆ. ಪಿನ್ನಿನ ಮೇಲೆ ಹಿಡಿಯಲು ಸುಮಾರು 1 ಸೆಂ.ಮೀ. ಬಿಡಿ. ಡೆಲ್ಟಾದ ಉದ್ದ ಸೊಂಟ ಒಣಗುವಾಗ ಹೊಟ್ಟೆಯ ಭಾರಕ್ಕೆ ಜೋತುಬೀಳುತ್ತದೆ, ಆಮೇಲೆ ಸರಿಪಡಿಸಲು ಹೋದರೆ ಮುರಿಯುತ್ತದೆ. ಕೆಳಗೆ ಎರಡು ಪಿನ್‌ಗಳನ್ನು ಅಡ್ಡಡ್ಡ ಕೊಟ್ಟು, ಪೂರ್ತಿ ಒಣಗುವವರೆಗೆ ಆಧಾರ ಇಡಿ. ಮಳೆಗಾಲದಲ್ಲಿ ಬೂಷ್ಟು, ಉಳಿದಂತೆ ಇರುವೆ ಮತ್ತು ಚರ್ಮದ ಹುಳ ಮಾದರಿಗಳ ಶತ್ರುಗಳು. ಬಿಗಿಮುಚ್ಚಳದ ಪೆಟ್ಟಿಗೆ ಬೇಕೇಬೇಕು.

ಚೀಟಿಯಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು ಇರಲಿ. ಅಕ್ಷಾಂಶ ದಶಮಾಂಶದ ನಾಲ್ಕು ಸ್ಥಾನದವರೆಗೆ ಕೊಟ್ಟರೆ ಸುಮಾರು 11 ಮೀಟರಿನ ನಿಖರತೆ ಸಿಗುತ್ತದೆ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯಿರಿ, ದಿನ ಯಾವುದು ತಿಂಗಳು ಯಾವುದು ಎಂಬ ಗೊಂದಲ ಬಾರದು. ಗೂಡಿನಿಂದ ಬಂದದ್ದಾದರೆ ಗೂಡು ತೆಗೆದ ದಿನ, ಹುಳ ಹೊರಬಂದ ದಿನ ಎರಡನ್ನೂ ಬರೆಯಿರಿ.

ದೇವರಾಯನದುರ್ಗದಂಥ ಅರಣ್ಯ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹಿಡಿಯಬೇಡಿ. ಸ್ವಂತ ಹೊಲ, ಮನೆಯ ಗೋಡೆಯಲ್ಲೇ ಬೇಕಾದಷ್ಟು ಕೆಲಸವಿದೆ.

ಹಳೆಯ ಚೀಟಿಯಲ್ಲಿ ‘ಕೋಲಾರ ಜಿಲ್ಲೆ’ ಎಂದಿದ್ದರೆ ನಕ್ಷೆಯಲ್ಲಿ ಎಲ್ಲಿ ಗುರುತಿಸುವುದು?

ಎಚ್ಚರದಿಂದ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಚೀಟಿಯಲ್ಲಿನ ಕೋಲಾರ ಎಂದರೆ ಗೌರಿಬಿದನೂರೂ ಇರಬಹುದು, ಚಿಂತಾಮಣಿಯೂ ಇರಬಹುದು. ಊರಿನ ಹೆಸರಿದ್ದರೆ ಮಾತ್ರ ಚುಕ್ಕೆ ಇಡಿ. ಬರೀ ‘ಮೈಸೂರು’ ಎಂದಿದ್ದರೆ ಅದು ನಗರವೋ ಹಳೆಯ ಸಂಸ್ಥಾನವೋ ಎಂದು ಮೊದಲು ತೀರ್ಮಾನಿಸಬೇಕು. ಪಾವಗಡದ ಸುತ್ತ ಬಹುಪಾಲು ಆಂಧ್ರದ ನೆಲ. ಅಲ್ಲಿ ಒಂದೆರಡು ಕಿಲೋಮೀಟರ್ ತಪ್ಪಿದರೆ ದಾಖಲೆ ಪಕ್ಕದ ರಾಜ್ಯಕ್ಕೇ ಸೇರಿಬಿಡುತ್ತದೆ.

ಆನ್‌ಲೈನ್ ನಕ್ಷೆಯ ಚುಕ್ಕೆಗಳನ್ನು ನಂಬಬಹುದೇ?

ಪ್ರತಿ ಚುಕ್ಕೆಯನ್ನೂ ತೆರೆದು ನೋಡಿದ ಮೇಲೆ. ಜನರೇ ಜೀವಿಗಳ ಫೋಟೊ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ತಾಣದಲ್ಲಿ ‘ರಿಸರ್ಚ್ ಗ್ರೇಡ್’ ಎಂದರೆ ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಪ್ಪಿದ್ದಾರೆ ಎಂದಷ್ಟೇ, ತಜ್ಞರು ನೋಡಿದ್ದಾರೆ ಎಂದಲ್ಲ. ಅಲ್ಲಿಂದ ಜಾಗತಿಕ ಜೀವವೈವಿಧ್ಯ ದತ್ತಕೋಶವಾದ ಜಿಬಿಐಎಫ್‌ಗೆ ಹೋದ ದಾಖಲೆ ಎರಡು ಕಡೆ ಕಂಡರೂ ಸಾಕ್ಷ್ಯ ಒಂದೇ. ಊರು ಗೊತ್ತಿಲ್ಲದ ಮಾದರಿಗೆ ದೇಶದ ಅಥವಾ ರಾಜ್ಯದ ನಡುಮಧ್ಯದ ಬಿಂದು ಕೊಟ್ಟಿರುವುದೂ ಉಂಟು.

ಕಣಜ ತಾನಾಗಿ ಬಾರದೆ ಸರಕಿನ ಜೊತೆ ಬಂದಿರಬಹುದೇ?

ಬರಬಹುದು. ಮಣ್ಣುಗೂಡು ಲಾರಿ, ಕಂಟೇನರ್, ಯಂತ್ರಗಳಿಗೆ ಅಂಟಿಕೊಂಡು ಸಲೀಸಾಗಿ ಸಾಗುತ್ತದೆ. ಏಷ್ಯಾ ಮೂಲದ ಸೆಲಿಫ್ರಾನ್ ಕರ್ವಾಟಂ 1979ರಲ್ಲಿ ಆಸ್ಟ್ರಿಯಾದಲ್ಲಿ ಕಂಡು, ಮುಂದೆ ಯುರೋಪಿನ ಬಹುಭಾಗಕ್ಕೆ ಹಬ್ಬಿತು. ನರಸಾಪುರ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಅಪರೂಪದ ಪ್ರಭೇದ ಒಂದೇ ಒಂದು ಸಿಕ್ಕರೆ ಅದನ್ನು ಸ್ಥಳೀಯ ಎನ್ನುವ ಮೊದಲು ಸುತ್ತಮುತ್ತ ಗೂಡುಗಳಿವೆಯೇ, ಮುಂದಿನ ವರ್ಷವೂ ಕಾಣುತ್ತದೆಯೇ ಎಂದು ನೋಡಬೇಕು.

ರೇಷ್ಮೆ ಸಾಕುತ್ತೇವೆ. ಕಂಬಳಿಹುಳ ಹಿಡಿಯುವ ಕಣಜದಿಂದ ತೊಂದರೆಯೇ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಈ ಪ್ರಶ್ನೆ ಬರುವುದು ನ್ಯಾಯವೇ. ಸಾಕಣೆ ಮನೆಯ ನಿಜವಾದ ಶತ್ರು 1980ರಲ್ಲಿ ಕರ್ನಾಟಕಕ್ಕೆ ಬಂದ, ರೇಷ್ಮೆಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ. ಅದಕ್ಕೆಂದು ಕಿಟಕಿ ಬಾಗಿಲಿಗೆ ಹಾಕುವ ನೈಲಾನ್ ಬಲೆ ಹರಿಯದೆ ಇದ್ದರೆ ಕಣಜವೂ ಒಳಬರಲಾರದು. ಹೊರಗೋಡೆಯ ಗೂಡಿಗೆ ಕೀಟನಾಶಕ ಹೊಡೆಯಬೇಡಿ, ಅದರ ಅಂಶ ಗಾಳಿಯಲ್ಲಿ ತೇಲಿ ಸೊಪ್ಪಿಗೆ ತಗುಲಿದರೆ ನಷ್ಟ ನಿಮ್ಮದೇ. ತೋಟದಲ್ಲಿ ಎಲೆ ತಿನ್ನುವ ಹುಳುಗಳನ್ನು ಹೊತ್ತೊಯ್ಯುವ ಕಣಜ ರೈತನಿಗೆ ಉಪಕಾರಿಯೇ.

ಕುಟುಕುತ್ತದೆಯೇ? ಗೂಡು ತೆಗೆಯಬೇಕೇ?

ಹೆಣ್ಣಿಗೆ ಮಾತ್ರ ಕೊಂಡಿ ಇದೆ. ಕೈಯಲ್ಲಿ ಹಿಡಿದರೆ ಕುಟುಕುತ್ತದೆ, ಗೂಡು ಕಾಯಲು ಅಟ್ಟಿಸಿಕೊಂಡು ಬರುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆ, ಗ್ಯಾಸ್ ಪೈಪು, ಯಂತ್ರದ ಗಾಳಿರಂಧ್ರಗಳಲ್ಲಿ ಕಟ್ಟಿದ್ದರೆ ವಿದ್ಯುತ್ ಅಥವಾ ಗ್ಯಾಸ್ ನಿಲ್ಲಿಸಿ ತೆಗೆಯಲೇಬೇಕು. ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಇದೇ ಉಪಕುಟುಂಬದ ಪಾಕಿಡೈನೆರಸ್ ನಾಸಿಡೆನ್ಸ್ ವಿಮಾನದ ವೇಗ ಅಳೆಯುವ ಕೊಳವೆಗಳನ್ನೇ ಮುಚ್ಚಿ ದೊಡ್ಡ ತಲೆನೋವಾಗಿದೆ. ಬರೀ ಗೋಡೆಯ ಮೇಲಿದ್ದರೆ ಬಿಟ್ಟುಬಿಡಿ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಎಲ್ಲ ಬಗೆಹರಿಯುವುದಿಲ್ಲವೇ?

ಹೋಲಿಸಲು ಸರಿಯಾದ ಮಾದರಿ ಇದ್ದರೆ ಮಾತ್ರ. ಸಾಮಾನ್ಯವಾಗಿ ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ 658 ಅಕ್ಷರಗಳ ತುಣುಕನ್ನು ಓದುತ್ತಾರೆ. ದತ್ತಕೋಶದಲ್ಲಿ ಆ ಹೆಸರಿನಲ್ಲಿರುವ ಅನುಕ್ರಮವೇ ತಪ್ಪಾಗಿ ಗುರುತಿಸಿದ ಹುಳದ್ದಾಗಿದ್ದರೆ ನಿಮ್ಮ ಉತ್ತರವೂ ತಪ್ಪೇ. ಒಂದು ಕಾಲನ್ನು 95 ಶೇಕಡಾ ಅಥವಾ ಅದಕ್ಕಿಂತ ಗಾಢ ಈಥೈಲ್ ಆಲ್ಕೋಹಾಲ್‌ನಲ್ಲಿ ತಂಪಾಗಿಟ್ಟು, ಉಳಿದ ದೇಹವನ್ನು ಪಿನ್ ಮಾಡಿ, ಎರಡಕ್ಕೂ ಒಂದೇ ಸಂಖ್ಯೆ ಕೊಡಿ. ದೇಹ ಉಳಿದಿದ್ದರೆ ಹೆಸರನ್ನು ಯಾವಾಗ ಬೇಕಾದರೂ ಮತ್ತೆ ಪರೀಕ್ಷಿಸಬಹುದು.

ಮಾದರಿಯನ್ನು ಎಲ್ಲಿಗೆ ಒಪ್ಪಿಸುವುದು?

ಹತ್ತಿರದವು ಬೆಂಗಳೂರಿನ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗ ಮತ್ತು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ. ರಾಷ್ಟ್ರಮಟ್ಟದಲ್ಲಿ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಇದೆ, ಅದರ ಕೋಯಿಕ್ಕೋಡ್ ಕೇಂದ್ರದಿಂದ ಭಾರತದ ಕುಂಬಾರ ಕಣಜಗಳ ಬಗ್ಗೆ ಸಾಕಷ್ಟು ಕೆಲಸ ಹೊರಬಂದಿದೆ. ಮೊದಲು ಫೋಟೊ ಮತ್ತು ಚೀಟಿಯ ವಿವರ ಕಳಿಸಿ, ಅವರು ಕೇಳಿದ ಮೇಲೆ ಮಾದರಿ ಕಳಿಸಿ. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ ಇಟ್ಟು, ನಡುವೆ ಎಲ್ಲ ಕಡೆಯೂ ಹತ್ತಿ ಅಥವಾ ಸ್ಪಂಜು ತುಂಬಿ. ಪಿನ್ ಸಡಿಲವಾಗಿ ಒಂದು ಹುಳ ಉರುಳಿದರೆ ಅದು ಉಳಿದವುಗಳ ಸೊಂಟವನ್ನೂ ಮುರಿಯುತ್ತದೆ, ಆದ್ದರಿಂದ ಪ್ರತಿ ಡೆಲ್ಟಾದ ಎರಡೂ ಪಕ್ಕ ತಡೆಪಿನ್ ಹಾಕಿ ಕಳಿಸಿ.